ಮೈಯಳತೆಗೊಂದು ಕಯಾಕ್

ಮೀನು ಹಿಡಿಯುವ ಕಯಾಕ್‌ಗೆ ನಾಲ್ಕು ಅಳತೆಗಳು: ಉದ್ದ, ಅಗಲ, ಹೊರುವ ಭಾರ ಮತ್ತು ಅದರದೇ ತೂಕ. ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ಉದ್ದ. ಹತ್ತಡಿಯದ್ದು, ಹನ್ನೆರಡಡಿಯದ್ದು ಎಂದೇ ಅದನ್ನು ಕರೆಯುವುದು. ನೀರಿಗಿಳಿದ ಮೊದಲ ನಿಮಿಷದಲ್ಲಿ ಮೈಗೆ ಗೊತ್ತಾಗುವುದು ಅಗಲ. ಸಾಮಾನೆಲ್ಲ ಹೇರಿದ ಮೇಲೆ ಗೊತ್ತಾಗುವುದು ಹೊರುವ ಭಾರ. ಸಂಜೆ ದಣಿದು ದಡ ಸೇರಿ, ಕೆಸರು ದಾಟಿ, ಕಾರಿನ ನೆತ್ತಿಗೆ ಎತ್ತುವಾಗ ಗೊತ್ತಾಗುವುದು ತೂಕ. ಈ ನಾಲ್ಕನ್ನೂ ಮೂರು ಸಂಗತಿಗಳಿಗೆ ಹೊಂದಿಸುವುದೇ ಆಯ್ಕೆಯ ಕೆಲಸ: ಕೂರುವವರ ಮೈ, ಇಳಿಯುವ ನೀರು, ಮನೆಯಿಂದ ನೀರಿನವರೆಗಿನ ದಾರಿ.

ಕಡೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಪುಣೆಯ ಪಶ್ಚಿಮ ಅಂಚಿನ ಹಿಂಜವಾಡಿಯಂಥ ಊರಿನಲ್ಲಿ ಅದನ್ನೇ ಮೊದಲು ನೋಡಬೇಕಾಗುತ್ತದೆ. ಮುಳಶಿ ತಾಲ್ಲೂಕಿನ ಈ ಹಳ್ಳಿ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಬಂದ ಮೇಲೆ ಬಹುಮಹಡಿ ಕಟ್ಟಡಗಳ ಊರಾಯಿತು. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಂದ ಒಂದೇ ಹೆದ್ದಾರಿ ಹಿಡಿದು ಬಂದ ಕನ್ನಡದ ಎಂಜಿನಿಯರುಗಳೂ ಇಲ್ಲಿನ ಫ್ಲ್ಯಾಟುಗಳಲ್ಲಿದ್ದಾರೆ. ವಾರದ ಐದು ದಿನ ಪರದೆಯ ಮುಂದೆ ಕೂತವರಿಗೆ ಶನಿವಾರದ ನೀರು ಹತ್ತಿರದಲ್ಲೇ ಇದೆ. ಕಾಸಾರ್‌ಸಾಯಿಯ ಸಣ್ಣ ಜಲಾಶಯ ತೀರ ಸಮೀಪ. ಸಹ್ಯಾದ್ರಿಯ ಬುಡಕ್ಕೆ ಒತ್ತಿಕೊಂಡ ಪವನಾ, ಮುಳಶಿ ಜಲಾಶಯಗಳು ಬೆಳಗಿನ ಹೊತ್ತು ಕಾರಿನಲ್ಲಿ ಹೊರಟರೆ ದೂರವೇನಲ್ಲ.

ಊರಿನ ಮಗ್ಗುಲಲ್ಲೇ ಮುಳಾ ನದಿ ಇದ್ದರೂ ಅದನ್ನು ಲೆಕ್ಕದಿಂದ ಬಿಡಬೇಕು. ಕೊಳಚೆ ನೀರು, ಅಂತರಗಂಗೆ ಕಳೆ ಅದನ್ನು ಕಯಾಕ್ ಇಳಿಸುವಂತೆ ಉಳಿಸಿಲ್ಲ. ಇದು ಸಣ್ಣ ನಷ್ಟವಲ್ಲ. ದಖ್ಖನಿನ ಮಹಶೀರ್ ಮೀನನ್ನು ವಿಲಿಯಂ ಹೆನ್ರಿ ಸೈಕ್ಸ್ 1839ರಲ್ಲಿ ಮೊದಲ ಬಾರಿಗೆ ವೈಜ್ಞಾನಿಕವಾಗಿ ವಿವರಿಸಿದ್ದು ಪುಣೆಗೆ ಪೂರ್ವದಲ್ಲಿ, ಇದೇ ಮುಳಾ ನದಿ ಮುಠೆಯನ್ನು ಕೂಡಿ ಹರಿಯುವ ನೀರಿನಲ್ಲಿ ಸಿಕ್ಕ ಮೀನಿನಿಂದ. ಆ ಮೀನಿನ ಸಂತತಿಯನ್ನು ಉಳಿಸಲು ಟಾಟಾ ಸಂಸ್ಥೆಯವರು 1970ರ ದಶಕದಿಂದ ಲೋಣಾವಳದಲ್ಲಿ ಮರಿ ಮಾಡಿಸಿ ಜಲಾಶಯಗಳಿಗೆ ಬಿಡುತ್ತ ಬಂದಿದ್ದಾರೆ. ಹೀಗಾಗಿ ಇಂದು ಮೀನಿನ ಮಾತು ಬಂದರೆ ಅದು ಜಲಾಶಯದ ಮಾತು: ಕಾಟ್ಲಾ, ರೋಹು, ಮೃಗಾಲ್, ತಿಲಾಪಿಯಾ, ದಡದ ಕಳೆಯಲ್ಲಿ ಅಡಗುವ ಕೊರವ, ಅದೃಷ್ಟವಿದ್ದರೆ ಮಹಶೀರ್. ಕಯಾಕ್‌ನ ಅಳತೆಯೂ ಜಲಾಶಯಕ್ಕೆ ತಕ್ಕದ್ದಾಗಿರಬೇಕು.

ಮಾರು, ಮುಷ್ಟಿ, ಹೆಬ್ಬೆರಳು

ಕಯಾಕ್ ಹುಟ್ಟಿದ್ದು ಉತ್ತರ ಧ್ರುವದ ಸುತ್ತಲಿನ ಹಿಮದ ಕಡಲಲ್ಲಿ. ಗ್ರೀನ್‌ಲ್ಯಾಂಡಿನ ಇನುಯಿಟರು, ಅಲಾಸ್ಕಾದ ಆಚೆಯ ದ್ವೀಪಗಳ ಅಲ್ಯೂಟರು ಕಡಲು ತಂದು ಹಾಕಿದ ಮರ, ಪ್ರಾಣಿಗಳ ಎಲುಬು ಜೋಡಿಸಿ ಚೌಕಟ್ಟು ಕಟ್ಟಿ, ಸೀಲ್ ಚರ್ಮ ಹೊಲಿದು ಹೊದಿಸುತ್ತಿದ್ದರು. ಅದು ಬೇಟೆಯ ದೋಣಿ. ಅದರ ಅಳತೆಗೆ ಮೊಳಕೋಲು ಇರಲಿಲ್ಲ, ಬೇಟೆಗಾರನ ಮೈಯೇ ಅಳತೆಗೋಲು. ಉದ್ದ ಅವನ ಚಾಚಿದ ಎರಡು ತೋಳುಗಳ ಮೂರು ಪಟ್ಟು. ಕೂರುವ ಜಾಗದ ಅಗಲ ಅವನ ಸೊಂಟ ಮತ್ತು ಎರಡು ಮುಷ್ಟಿ. ಆಳ ಒಂದು ಮುಷ್ಟಿ ಮತ್ತು ಮೇಲೆತ್ತಿದ ಹೆಬ್ಬೆರಳು. ಲೆಕ್ಕ ಹಾಕಿದರೆ ಸುಮಾರು 17 ಅಡಿ ಉದ್ದ, 20ರಿಂದ 22 ಅಂಗುಲ ಅಗಲ, 7 ಅಂಗುಲ ಆಳ.

ಕನ್ನಡಿಗರಿಗೆ ಈ ಬಗೆಯ ಅಳತೆ ಹೊಸದಲ್ಲ. ಚಾಚಿದ ತೋಳುಗಳ ಅಳತೆಗೆ ಇಲ್ಲಿ ಮಾರು ಎಂದು ಹೆಸರು. ಹೂವು ಇಂದಿಗೂ ಮಾರಿನ, ಮೊಳದ ಲೆಕ್ಕದಲ್ಲೇ ಮಾರಾಟವಾಗುತ್ತದೆ. ಗ್ರೀನ್‌ಲ್ಯಾಂಡಿನ ದೋಣಿ ಮೂರು ಮಾರಿನದು ಎಂದರೆ ಯಾವ ಅಜ್ಜಿಗೂ ಅರ್ಥವಾಗುತ್ತದೆ. ಕಾರ್ಖಾನೆಯಲ್ಲಿ ಅಚ್ಚು ಹೊಯ್ದ ಪ್ಲಾಸ್ಟಿಕ್ ಕಯಾಕ್ ಬಂದ ಮೇಲೆ ಈ ಸಂಬಂಧ ಹರಿಯಿತು. ದೋಣಿಯನ್ನು ಮೈಗೆ ಕಟ್ಟುವ ಬದಲು, ಕಟ್ಟಿಟ್ಟ ದೋಣಿಗಳಲ್ಲಿ ಮೈಗೆ ಹೊಂದುವುದನ್ನು ಹುಡುಕುವ ಕೆಲಸ ಕೊಳ್ಳುವವರ ಪಾಲಿಗೆ ಬಂತು.

ಇನ್ನೊಂದು ತುದಿಯಲ್ಲಿ ನಿಲ್ಲುವುದು ಕರ್ನಾಟಕದ್ದೇ ಹರಿಗೋಲು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದಾಗ ಆನೆಗೊಂದಿಯ ಬಳಿ ತುಂಗಭದ್ರೆಯಲ್ಲಿ ಇವನ್ನು ಕಂಡು ಬರೆದಿದ್ದಾನೆ: ಬುಟ್ಟಿಯಂತೆ ದುಂಡಗಿನ ದೋಣಿಗಳು, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ. ಅವು ನೇರವಾಗಿ ಹೋಗಲಾರದೆ ಸದಾ ಸುತ್ತುತ್ತಲೇ ಇರುತ್ತವೆ ಎಂಬುದನ್ನೂ ಅವನು ಗಮನಿಸಿದ್ದ. ಐನೂರು ವರ್ಷಗಳಲ್ಲಿ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಸುತ್ತುವ ಗುಣ ಹಾಗೆಯೇ ಇದೆ.

ಗ್ರೀನ್‌ಲ್ಯಾಂಡಿನ ಕಯಾಕ್ ತನ್ನ ಅಗಲದ ಹತ್ತಿರ ಹತ್ತಿರ ಹತ್ತು ಪಟ್ಟು ಉದ್ದ. ಹರಿಗೋಲಿಗೆ ಉದ್ದವೂ ಅಗಲವೂ ಒಂದೇ. ಮೊದಲನೆಯದು ಬಾಣದಂತೆ ನೇರ ಓಡುತ್ತದೆ, ಆದರೆ ಅಭ್ಯಾಸವಿಲ್ಲದವರನ್ನು ಕೂತ ಕ್ಷಣದಲ್ಲೇ ಉರುಳಿಸುತ್ತದೆ. ಎರಡನೆಯದರಲ್ಲಿ ನಿಂತು ಬಲೆ ಬೀಸಬಹುದು, ಆದರೆ ಎದುರುಗಾಳಿಯಲ್ಲಿ ಎರಡು ಕಿಲೋಮೀಟರ್ ಹೋಗಲು ಅಂಬಿಗನ ತೋಳೇ ಬೇಕು. ಇಂದಿನ ಮೀನುಗಾರಿಕೆಯ ಕಯಾಕ್ ಈ ಎರಡರ ನಡುವಿನ ಒಪ್ಪಂದ. 12 ಅಡಿ ಉದ್ದ, 34 ಅಂಗುಲ ಅಗಲದ ಒಂದನ್ನು ತೆಗೆದುಕೊಂಡರೆ ಉದ್ದ ಅಗಲದ ನಾಲ್ಕು ಪಟ್ಟಿಗೆ ತುಸು ಹೆಚ್ಚು. ಬೇಟೆಗಾರನ ದೋಣಿಯಿಂದ ಅದು ಹರಿಗೋಲಿನ ಕಡೆಗೆ ಬಹಳ ದೂರ ಸರಿದು ಬಂದಿದೆ. ಗಾಳ ಹಾಕುವವರಿಗೆ ಓಟಕ್ಕಿಂತ ನಿಲುವು ಮುಖ್ಯ ಎಂಬುದೇ ಇದಕ್ಕೆ ಕಾರಣ.

ಹೊದಿಕೆಯ ಒಳಗೆ ಕಾಲು ಚಾಚಿ ಕೂರುವ ಹಳೆಯ ಬಗೆಯನ್ನು ಬಿಟ್ಟು, ಮುಚ್ಚಿದ ಒಡಲಿನ ಮೇಲೆ ಕೂರುವ ಬಗೆ ಬಂದದ್ದು 1970ರ ದಶಕದಲ್ಲಿ. ಕ್ಯಾಲಿಫೋರ್ನಿಯಾದ ಟಿಮ್ ನೀಮಿಯರ್ ಅಲೆಯ ಮೇಲೆ ಜಾರುವ ಹಲಗೆಯನ್ನು (ಸರ್ಫ್‌ಬೋರ್ಡ್) ಕೊರೆದು ಮಾಡಿದ ಪ್ರಯೋಗ ಅದರ ಮೂಲ. ಮೀನು ಹಿಡಿಯುವವರಿಗೆ ಈಗ ಬಹುಪಾಲು ಇದೇ ಬಗೆ. ಮಗುಚಿದರೂ ಒಳಗೆ ನೀರು ತುಂಬುವುದಿಲ್ಲ, ತಟ್ಟೆಯ ಮೇಲೆ ಬಿದ್ದ ನೀರು ತಳದ ತೂತುಗಳಿಂದ ತಾನೇ ಇಳಿದುಹೋಗುತ್ತದೆ. ಮುಂದಿನ ಮಾತೆಲ್ಲ ಈ ಬಗೆಯ ಕಯಾಕ್ ಕುರಿತದ್ದು.

ಉದ್ದಕ್ಕಿಂತ ಮೊದಲು ಅಗಲ

ಅಗಲ ಸ್ವಲ್ಪ ಹೆಚ್ಚಿದರೂ ನಿಲುವು ಬಹಳ ಹೆಚ್ಚುತ್ತದೆ. ದೋಣಿ ವಾಲದಂತೆ ತಡೆಯುವ ಗುಣ ಉದ್ದದ ಜೊತೆ ನೇರ ಪ್ರಮಾಣದಲ್ಲಿ ಬೆಳೆದರೆ, ಅಗಲದ ಜೊತೆ ಅದರ ಘನದ ಪ್ರಮಾಣದಲ್ಲಿ ಬೆಳೆಯುತ್ತದೆ. ಉದ್ದ ಅಷ್ಟೇ ಇದ್ದು ಅಗಲ 30 ಅಂಗುಲದಿಂದ 36ಕ್ಕೆ ಏರಿತು ಎನ್ನಿ. ಅಗಲದಲ್ಲಿ ಐದನೆಯ ಒಂದು ಪಾಲು ಹೆಚ್ಚಿದೆ, ವಾಲುವಿಕೆಗೆ ತಡೆ ಮಾತ್ರ ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ. ಅದೇ ಐದನೆಯ ಒಂದು ಪಾಲನ್ನು ಉದ್ದಕ್ಕೆ ಸೇರಿಸಿದ್ದರೆ ತಡೆಯೂ ಐದನೆಯ ಒಂದು ಪಾಲು ಮಾತ್ರ ಬೆಳೆಯುತ್ತಿತ್ತು. ಅದಕ್ಕೇ ಮೀನಿನ ಕಯಾಕ್ ಕೊಳ್ಳುವವರು ಉದ್ದ ಕೇಳುವ ಮುನ್ನ ಅಗಲ ಕೇಳಬೇಕು.

ಕೂತೇ ಗಾಳ ಹಾಕುವವರಿಗೆ 30ರಿಂದ 33 ಅಂಗುಲ ಸಾಕು. ಎದ್ದು ನಿಂತು, ನೀರಿನೊಳಗೆ ಕಣ್ಣು ಹಾಯಿಸಿ, ದಡದ ಕಳೆಗೆ ಗುರಿಯಿಟ್ಟು ಎಸೆಯಬೇಕೆಂದರೆ 34ರಿಂದ 36 ಬೇಕು. ಅದಕ್ಕೂ ಮೀರಿದ ಅಗಲ ಪೆಡಲ್ ತುಳಿಯುವ ದೊಡ್ಡ ಕಯಾಕ್‌ಗಳಲ್ಲಿ ಕಾಣುತ್ತದೆ.

ಅಗಲಕ್ಕೆ ತೆರಬೇಕಾದ ಬೆಲೆಯೂ ಇದೆ. ಒಡಲು ಹೆಚ್ಚು ನೀರನ್ನು ಉಜ್ಜುತ್ತದೆ, ತೋಳು ಬೇಗ ಸೋಲುತ್ತದೆ. ಹುಟ್ಟು ಉದ್ದವಾಗಬೇಕಾಗುತ್ತದೆ: ಸಾಮಾನ್ಯ ಅಗಲಕ್ಕೆ 230ರಿಂದ 240 ಸೆಂ.ಮೀ. ಹುಟ್ಟು ಸಾಕಾದರೆ, ಎತ್ತರದ ಕುರ್ಚಿಯಿರುವ 36 ಅಂಗುಲದ ಕಯಾಕ್‌ಗೆ 250ರಿಂದ 260 ಸೆಂ.ಮೀ. ಬೇಕಾಗುತ್ತದೆ. ಗಿಡ್ಡ ಹುಟ್ಟಿನಿಂದ ಅಗಲದ ದೋಣಿ ನಡೆಸುವವರ ಗೆಣ್ಣುಗಳು ಪ್ರತಿ ಎಳೆತಕ್ಕೂ ಅಂಚಿಗೆ ತಾಗುತ್ತವೆ.

ಕುರ್ಚಿಯ ಎತ್ತರ ಅಗಲದ ಜೊತೆಗೇ ನೋಡಬೇಕಾದ ಸಂಗತಿ. ಎತ್ತರ ಕೂತರೆ ಬೆನ್ನಿಗೆ ಹಿತ, ಕಣ್ಣಿಗೆ ದೂರ, ಎದ್ದು ನಿಲ್ಲಲು ಸುಲಭ. ಆದರೆ ಮೈಯ ಭಾರ ಮೇಲಕ್ಕೆ ಹೋದಷ್ಟೂ ದೋಣಿ ಬೇಗ ವಾಲುತ್ತದೆ. ಕಿರಿದಾದ ಕಯಾಕ್‌ಗೆ ಎತ್ತರದ ಕುರ್ಚಿ ಸಿಕ್ಕಿಸಿ ಮಾರುವುದುಂಟು. ಅದನ್ನು ಕೊಳ್ಳಬಾರದು.

ನಿಲುವಿನಲ್ಲಿಯೂ ಎರಡು ಬಗೆ ಇವೆ. ಚಪ್ಪಟೆ ತಳದ ಕಯಾಕ್ ಕೂತೊಡನೆ ಗಟ್ಟಿ ಅನ್ನಿಸುತ್ತದೆ, ಒಂದು ಮಿತಿ ದಾಟಿ ವಾಲಿತೆಂದರೆ ಸಟ್ಟನೆ ಮಗುಚುತ್ತದೆ. ತಳ ತುಸು ದುಂಡಗಿದ್ದು ಅಂಚುಗಳು ಹೊರಚಾಚಿದ ಕಯಾಕ್ ಮೊದಲಿಗೆ ಅಲುಗಾಡಿದಂತೆ ಕಂಡರೂ ವಾಲಿದಷ್ಟೂ ತಡೆ ಕೊಡುತ್ತದೆ. ನಿಂತ ನೀರಿಗೆ ಮೊದಲನೆಯದು ಆಗಬಹುದು. ಮಧ್ಯಾಹ್ನದ ಗಾಳಿಗೆ ಅಲೆ ಏಳುವ ಪವನಾದಂಥ ಜಲಾಶಯಕ್ಕೆ ಎರಡನೆಯದೇ ಒಳ್ಳೆಯದು.

ಹೊರುವ ಭಾರದ ಲೆಕ್ಕ

ಕಯಾಕ್‌ನ ಮೈಮೇಲೆ ಅಥವಾ ಕೈಪಿಡಿಯಲ್ಲಿ ಗರಿಷ್ಠ ಭಾರ ನಮೂದಾಗಿರುತ್ತದೆ. ಅದು ಮುಳುಗದೆ ತೇಲುವ ಮಿತಿ. ಸುಖವಾಗಿ ನಡೆಸುವ ಮಿತಿ ಅದರ ಮೂರನೆಯ ಎರಡು ಪಾಲಿನಿಂದ ಶೇ 70ರವರೆಗೆ ಎಂಬುದು ಅನುಭವಸ್ಥರು ಪಾಲಿಸುವ ಲೆಕ್ಕ. ಕೆಲವು ತಯಾರಕರು ಕಯಾಕ್‌ನ ಸ್ವಂತ ತೂಕವನ್ನೂ ಆ ಸಂಖ್ಯೆಯೊಳಗೇ ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ. ಕೇಳಿ ತಿಳಿಯಬೇಕು.

ಒಬ್ಬ ಸಾಧಾರಣ ಆಳಿನ ಲೆಕ್ಕ ಹೀಗಿರುತ್ತದೆ. ಮೈತೂಕ 78 ಕೆ.ಜಿ., ಒದ್ದೆಯಾದ ಬಟ್ಟೆ, ಬೂಟು, ಲೈಫ್ ಜಾಕೆಟ್ ಸೇರಿ 3, ಹುಟ್ಟು 1, ಲಂಗರು ಮತ್ತು ಹಗ್ಗ 3, ಎರಡು ಗಾಳದ ಕೋಲು ಹಾಗೂ ಸಾಮಾನಿನ ಪೆಟ್ಟಿಗೆ 5, ಕುಡಿಯುವ ನೀರು, ಬುತ್ತಿ 4, ಐಸ್ ತುಂಬಿದ ಪೆಟ್ಟಿಗೆ 8, ಮೀನು ಹುಡುಕುವ ಉಪಕರಣ ಮತ್ತು ಬ್ಯಾಟರಿ 3, ಹಿಡಿದ ಮೀನು 5. ಒಟ್ಟು 110. ಇದು ಶೇ 70 ಆಗಬೇಕೆಂದರೆ ಕಯಾಕ್‌ನ ಗರಿಷ್ಠ ಭಾರ 157, ಅಂದರೆ ಸುಮಾರು 160 ಕೆ.ಜಿ. ಇರಬೇಕು. ‘ನನ್ನ ತೂಕ 78, ಕಯಾಕ್ 125 ಹೊರುತ್ತದೆ’ ಎಂದು ನೆಮ್ಮದಿಯಿಂದ ಕೊಂಡವರು ಅದರ ಮಿತಿಯ ಶೇ 88ರಲ್ಲಿ ಕೂತಿರುತ್ತಾರೆ.

ಹೆಚ್ಚು ಹೇರಿದ್ದನ್ನು ಕಯಾಕ್ ತಾನೇ ತೋರಿಸಿಕೊಡುತ್ತದೆ. 12 ಅಡಿಯ ಅಗಲ ಕಯಾಕ್ ನೀರಿನ ಮೇಲೆ ಸುಮಾರು ಎರಡು ಚದರ ಮೀಟರ್ ಜಾಗ ಹಿಡಿಯುತ್ತದೆ. ಅದರ ಮೇಲೆ 20 ಲೀಟರಿನ ನೀರಿನ ಕ್ಯಾನೊಂದನ್ನು ಇಟ್ಟರೆ ಅದು ಹೆಚ್ಚುಕಡಿಮೆ ಒಂದು ಸೆಂ.ಮೀ. ಇಳಿಯುತ್ತದೆ. ಹೀಗೆ ಇಳಿಯುತ್ತ ಹೋದಾಗ ತಳದ ತೂತುಗಳಿಂದ ನೀರು ಹೊರಹೋಗುವ ಬದಲು ಮೇಲೆ ಉಕ್ಕಿ ಕಾಲ ಬಳಿ ನಿಲ್ಲುತ್ತದೆ. ಆ ತೂತುಗಳಿಗೆ ಬಿರಡೆ ಜಡಿದು ಕೂರುವುದು ಹಲವರ ರೂಢಿ. ಅದರಿಂದ ಕಾಲು ಒಣಗಿರುತ್ತದೆ, ಭಾರ ಕಡಿಮೆಯಾಗುವುದಿಲ್ಲ.

ಭಾರ ಎಲ್ಲಿ ಕೂರುತ್ತದೆ ಎಂಬುದೂ ಮುಖ್ಯ. ಐಸ್ ಪೆಟ್ಟಿಗೆಯನ್ನು ಹಿಂದಿಡುವುದು ವಾಡಿಕೆ. ಹತ್ತಡಿಯ ಕಯಾಕ್‌ನಲ್ಲಿ ದಪ್ಪ ಆಳು ಕೂತು ಹಿಂದೆ ಪೆಟ್ಟಿಗೆಯಿಟ್ಟರೆ ಮೂತಿ ಮೇಲೆದ್ದು ಗಾಳಿಗೆ ಹಾಯಿಯಂತೆ ತಿರುಗತೊಡಗುತ್ತದೆ. ಅದೇ ಭಾರ ಹನ್ನೆರಡಡಿಯಲ್ಲಿ ಹರಡಿ ಕೂರುತ್ತದೆ. ಆರಡಿ ಎತ್ತರದವರಿಗೆ ಕಾಲಿನ ಅಡ್ಡಪಟ್ಟಿ ಸಾಕಷ್ಟು ಮುಂದೆ ಸರಿಯುತ್ತದೆಯೇ ಎಂಬುದನ್ನು ಕೂತೇ ನೋಡಬೇಕು. ಮೊಣಕಾಲು ತುಸು ಮಡಿಚಿರಬೇಕು, ಎದೆಗೆ ಬರಬಾರದು.

ದೊಡ್ಡದು ಕೊಂಡರೆ ನಷ್ಟವಿಲ್ಲ ಎಂಬ ಮಾತೂ ನಿಜವಲ್ಲ. 50 ಕೆ.ಜಿ. ತೂಕದ ಹೆಣ್ಣುಮಗಳು 220 ಕೆ.ಜಿ. ಹೊರುವ ಕಯಾಕ್‌ನಲ್ಲಿ ಕೂತರೆ ಅದು ನೀರಿನ ಮೇಲೆ ಎತ್ತರದಲ್ಲಿ ತೇಲುತ್ತದೆ. ಬದಿಗಳು ಗಾಳಿಗೆ ಒಡ್ಡಿಕೊಳ್ಳುತ್ತವೆ, ಹುಟ್ಟು ನೀರಿಗೆ ನಿಲುಕುವುದಿಲ್ಲ. ಅವರಿಗೆ ಹತ್ತೂವರೆ ಅಡಿಯ, 30ರಿಂದ 31 ಅಂಗುಲದ, 120 ಕೆ.ಜಿ. ಹೊರುವ ಕಯಾಕ್ ಎಲ್ಲ ರೀತಿಯಲ್ಲೂ ಮೇಲು.

ಉದ್ದ, ಓಟ, ಗಾಳಿ

ಉದ್ದ ಹೆಚ್ಚಿದರೆ ವೇಗ ಹೆಚ್ಚುತ್ತದೆ ಎಂಬುದು ದೋಣಿ ಕಟ್ಟುವವರ ಹಳೆಯ ಸೂತ್ರ. ನೀರಿಗೆ ತಾಗುವ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಒಡಲಿಗೊಂದು ವೇಗದ ಮಿತಿ ಇರುತ್ತದೆ. ಅದರ ಪ್ರಕಾರ ಹತ್ತಡಿಗೆ ಗಂಟೆಗೆ ಸುಮಾರು 7.8 ಕಿ.ಮೀ., ಹನ್ನೆರಡಡಿಗೆ 8.6, ಹದಿನಾಲ್ಕಡಿಗೆ 9.3. ಕಾಗದದ ಮೇಲಿನ ಈ ವ್ಯತ್ಯಾಸ ನೋಡಿ ಮರುಳಾಗಬೇಕಿಲ್ಲ. ಮೀನು ಹಿಡಿಯಲು ಹೊರಟವರು ದಿನವಿಡೀ ಹುಟ್ಟು ಹಾಕುವುದು ಗಂಟೆಗೆ ನಾಲ್ಕೈದು ಕಿ.ಮೀ. ವೇಗದಲ್ಲಿ. ಉದ್ದದ ನಿಜವಾದ ಲಾಭ ಬೇರೆ: ಅದೇ ನಾಲ್ಕೈದು ಕಿ.ಮೀ.ಗೆ ಕಡಿಮೆ ಶ್ರಮ, ಎಡಬಲಕ್ಕೆ ಮೂತಿ ತಿರುಗಿಸದ ನೇರ ನಡೆ. ಹತ್ತಡಿಯದು ಪ್ರತಿ ಎಳೆತಕ್ಕೂ ಅತ್ತಿತ್ತ ತೂಗುತ್ತದೆ. ಅದನ್ನು ಸರಿಪಡಿಸುತ್ತ ಸಾಗುವುದರಲ್ಲೇ ಶಕ್ತಿ ಸೋರಿಹೋಗುತ್ತದೆ.

ಗಿಡ್ಡದಕ್ಕೂ ತನ್ನ ಜಾಗವಿದೆ. ಕೆರೆಯ ಜೊಂಡಿನ ಸಂದು, ನೀರಲ್ಲಿ ಮುಳುಗಿದ ಜಾಲಿ ಮರಗಳ ನಡುವೆ ಕೊರವ ಹುಡುಕುವವರಿಗೆ ನಿಂತಲ್ಲೇ ತಿರುಗುವ ಕಯಾಕ್ ಬೇಕು. ಕಾಸಾರ್‌ಸಾಯಿಯಂಥ ಸಣ್ಣ ಜಲಾಶಯದಲ್ಲಿ ದಡ ಬಿಟ್ಟು ಬಹಳ ದೂರ ಹೋಗುವ ಪ್ರಮೇಯವೇ ಇಲ್ಲ. ಹತ್ತರಿಂದ ಹತ್ತೂವರೆ ಅಡಿ ಅಲ್ಲಿಗೆ ಸಾಕು.

ಪವನಾ, ಮುಳಶಿಗಳ ಮಾತು ಬೇರೆ. ಬೇಸಿಗೆಯ ಬೆಳಗಿನಲ್ಲಿ ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಘಟ್ಟದ ಮೇಲಿಂದ ಇಳಿಯುವ ಪಡುವಣ ಗಾಳಿಗೆ ಕೆರಳುತ್ತದೆ. ಬೆಟ್ಟಗಳ ನಡುವೆ ಉದ್ದಕ್ಕೆ ಚಾಚಿದ ನೀರಿನ ಮೇಲೆ ಗಾಳಿಗೆ ಅಡ್ಡಿಯೇ ಇರುವುದಿಲ್ಲ, ದೂರ ಓಡಿದಷ್ಟೂ ಅಲೆ ಬೆಳೆಯುತ್ತದೆ. ಇಲ್ಲಿಗೆ ಹನ್ನೊಂದೂವರೆಯಿಂದ ಹನ್ನೆರಡೂವರೆ ಅಡಿಯ ಕಯಾಕ್, ಅದಕ್ಕೆ ಚುಕ್ಕಾಣಿ ಇದ್ದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಹೊರಡುವಾಗಲೇ ಪಶ್ಚಿಮದ ದಂಡೆಯ ಕಡೆ ಹೋಗಿ, ಗಾಳಿ ಎದ್ದಾಗ ಅದನ್ನು ಬೆನ್ನಿಗೆ ಹಾಕಿಕೊಂಡು ಮರಳುವಂತೆ ದಾರಿ ಗೊತ್ತು ಮಾಡಿಕೊಳ್ಳಬೇಕು. ಹದಿಮೂರು, ಹದಿನಾಲ್ಕು ಅಡಿಯವು ಮಲ್ಪೆ, ಕಾರವಾರದ ಕಡಲಿಗೆ ಸರಿ. ಜಲಾಶಯದಲ್ಲಿ ಅವು ಅತಿ.

ಮುಳಶಿ ಅಣೆಕಟ್ಟು ಟಾಟಾ ವಿದ್ಯುತ್ ಯೋಜನೆಗಾಗಿ 1920ರ ದಶಕದಲ್ಲಿ ಕಟ್ಟಿದ್ದು. ಇದರ ನೀರನ್ನು ಪಶ್ಚಿಮಕ್ಕೆ ತಿರುಗಿಸಿ, ಘಟ್ಟದ ಕೆಳಗಿನ ಭೀರಾದಲ್ಲಿ ವಿದ್ಯುತ್ ತೆಗೆದು ಕೊಂಕಣಕ್ಕೆ ಬಿಡುತ್ತಾರೆ. ಪವನಾದ ನೀರು ಮಾತ್ರ ಮುಳಾ, ಭೀಮಾ ನದಿಗಳನ್ನು ಕೂಡಿ, ಉಜ್ಜನಿ ಜಲಾಶಯ ದಾಟಿ ಕಲಬುರಗಿ ಸೀಮೆಗೆ ಬರುತ್ತದೆ. ಮುಳಶಿಯ ನೀರಿನಡಿ ಹಳ್ಳಿಗಳು ಮುಳುಗಿವೆ. ಅವನ್ನು ಉಳಿಸಿಕೊಳ್ಳಲು 1921ರಲ್ಲಿ ರೈತರು ಸತ್ಯಾಗ್ರಹ ಹೂಡಿದ್ದರು, ಅದರ ಮುಂದಾಳು ಪಾಂಡುರಂಗ ಮಹಾದೇವ ಬಾಪಟರಿಗೆ ‘ಸೇನಾಪತಿ’ ಎಂಬ ಹೆಸರು ಬಂದದ್ದು ಆ ಹೋರಾಟದಿಂದ. ಯಾವ ಜಲಾಶಯವೇ ಆಗಲಿ, ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಬದು, ಗೋಡೆ, ಮರದ ಬೊಡ್ಡೆಗಳು ಮೇಲ್ಮೈಗೆ ಹತ್ತಿರವಾಗುತ್ತವೆ. ಮೀನು ಸೇರುವುದು ಅಲ್ಲೇ, ಒಡಲಿಗೆ ಗಾಯವಾಗುವುದೂ ಅಲ್ಲೇ.

ಪೆಡಲ್ ಕಯಾಕ್‌ಗಳಿಗೆ ಇಲ್ಲಿ ಒಂದು ತೊಡಕಿದೆ. ಹೋಬಿ ಕಂಪನಿ 1997ರಲ್ಲಿ ತಂದ, ಕಾಲಿಂದ ತುಳಿದರೆ ತಳದಲ್ಲಿ ರೆಕ್ಕೆಗಳು ಬಡಿಯುವ ವ್ಯವಸ್ಥೆ ಗಾಳ ಹಾಕುವವರ ಎರಡೂ ಕೈಗಳನ್ನು ಬಿಡಿಸಿತು. ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ತಳದಿಂದ ಕೆಳಗೆ ಒಂದೂವರೆ ಅಡಿಯಷ್ಟು ನೀರು ಬೇಕು. ಕಳೆ, ಬೊಡ್ಡೆ, ಬೆಸ್ತರು ಹಾಸಿದ ಬಲೆ, ಯಾವುದಕ್ಕಾದರೂ ಅದು ಸಿಕ್ಕಿಕೊಳ್ಳುತ್ತದೆ. ಜೊತೆಗೆ ಇಂಥ ಹಲವು ಕಯಾಕ್‌ಗಳ ತೂಕ 45 ಕೆ.ಜಿ. ದಾಟುತ್ತದೆ.

ಲಿಫ್ಟು, ಕಾರು, ಕೆಸರು

ತೂಕ ಎನ್ನುವುದು ಹಿಂಜವಾಡಿಯ ಮಟ್ಟಿಗೆ ಮೊದಲ ಪ್ರಶ್ನೆ. ಹರಿಗೋಲಿನವನು ದಡಕ್ಕೆ ಬಂದ ಮೇಲೆ ದೋಣಿಯನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ಮನೆಗೆ ನಡೆಯುತ್ತಾನೆ. ಹದಿನೈದನೆಯ ಮಹಡಿಯ ಫ್ಲ್ಯಾಟಿನವರಿಗೆ ಆ ಭಾಗ್ಯವಿಲ್ಲ. ಸಾಧಾರಣ ಲಿಫ್ಟಿನ ಒಳಗು 1.1 ಮೀಟರ್ ಅಗಲ, 1.4 ಮೀಟರ್ ಆಳ, 2.2 ಮೀಟರ್ ಎತ್ತರ ಎಂದುಕೊಂಡರೆ ಒಂದು ಮೂಲೆಯಿಂದ ಎದುರಿನ ಮೇಲಿನ ಮೂಲೆಗೆ 2.8 ಮೀಟರ್. ಹತ್ತಡಿ ಎಂದರೆ 3.05 ಮೀಟರ್. ಅಲ್ಲಿಗೆ ಹತ್ತಡಿಯ ಅಥವಾ ಅದಕ್ಕೂ ಉದ್ದದ ಗಟ್ಟಿ ಪ್ಲಾಸ್ಟಿಕ್ಕಿನ ಕಯಾಕ್ ಲಿಫ್ಟಿನಲ್ಲಿ ಮೇಲೇರುವುದಿಲ್ಲ. ನೆಲಮಾಳಿಗೆಯ ಕಾರು ನಿಲ್ಲಿಸುವ ಜಾಗದಲ್ಲಿ ಗೋಡೆಗೆ ಕೊಂಡಿ ಹಾಕಲು ಸೊಸೈಟಿಯ ಒಪ್ಪಿಗೆ ಸಿಕ್ಕಿದರೆ ಮಾತ್ರ ಗಟ್ಟಿ ಕಯಾಕ್‌ನ ಯೋಚನೆ. ಕೊಳ್ಳುವ ಮೊದಲು ಸೊಸೈಟಿಯನ್ನು ಕೇಳುವುದು ಉತ್ತಮ.

ಎರಡನೆಯದು ಕಾರು. ತೆರಿಗೆಯ ಲೆಕ್ಕಾಚಾರದಿಂದಾಗಿ ಭಾರತದ ಹೆಚ್ಚಿನ ಸಣ್ಣ ಕಾರುಗಳು ನಾಲ್ಕು ಮೀಟರಿಗೆ ಒಳಗಿವೆ. ಹನ್ನೆರಡಡಿಯ ಕಯಾಕ್ 3.66 ಮೀಟರ್, ಹೆಚ್ಚುಕಡಿಮೆ ಕಾರಿನಷ್ಟೇ ಉದ್ದ. ಹದಿನಾಲ್ಕಡಿಯದು 4.27 ಮೀಟರ್, ಕಾರನ್ನೇ ಮೀರಿಸುತ್ತದೆ. ನೆತ್ತಿಯ ಮೇಲೆ ಎಷ್ಟು ಭಾರ ಹೇರಬಹುದು ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಆ ಮಿತಿಯಲ್ಲಿ ಅಡ್ಡ ಸರಳುಗಳ ತೂಕವೂ ಸೇರಿದೆ. 30ರಿಂದ 35 ಕೆ.ಜಿ.ಯ ಹನ್ನೆರಡಡಿ ಕಯಾಕನ್ನು ಇಬ್ಬರು ಎತ್ತಬಹುದು. ಒಬ್ಬರೇ ಹೋಗುವವರಿಗೆ 25 ಕೆ.ಜಿ. ಮೀರಿದರೆ ಕಷ್ಟ. ಏಪ್ರಿಲ್ ಬಿಸಿಲಲ್ಲಿ ಪಟ್ಟಿಗಳನ್ನು ಬಿಗಿದು ಕಟ್ಟಿ ಗಂಟೆಗಟ್ಟಲೆ ನಿಲ್ಲಿಸಿದರೆ ಮೆದುವಾದ ಪ್ಲಾಸ್ಟಿಕ್ ತಳ ತಗ್ಗಿಬಿಡುತ್ತದೆ ಎಂಬುದೂ ನೆನಪಿರಲಿ.

ಮೂರನೆಯದು ದಡದ ಕೆಸರು. ಮಳೆಗಾಲ ಮುಗಿದಾಗ ರಸ್ತೆಯ ಸಮೀಪಕ್ಕೇ ತುಂಬಿದ್ದ ನೀರು ಮೇ ಹೊತ್ತಿಗೆ ಬಹಳ ಕೆಳಗಿಳಿದಿರುತ್ತದೆ. ಬಿರುಕುಬಿಟ್ಟ ಮಣ್ಣು, ಆಮೇಲೆ ಹೂಳು, ಆಮೇಲೆ ನೀರು. ನವೆಂಬರಿನಲ್ಲಿ ಹಗುರ ಅನ್ನಿಸಿದ ಕಯಾಕ್ ಮೇ ತಿಂಗಳಲ್ಲಿ ಅದೇ ತೂಕದಲ್ಲಿ ಹೊರಲಾರದ್ದಾಗುತ್ತದೆ. ಅಗಲ ಚಕ್ರದ ತಳ್ಳುಗಾಡಿ ಇಲ್ಲದೆ 30 ಕೆ.ಜಿ.ಯನ್ನು ಹೂಳಿನಲ್ಲಿ ಎಳೆಯುವುದು ಸೊಂಟಕ್ಕೆ ಕೇಡು.

ಈ ಮೂರನ್ನೂ ಎಣಿಸಿದರೆ ಫ್ಲ್ಯಾಟಿನಲ್ಲಿರುವ ಹೆಚ್ಚಿನವರಿಗೆ ಗಾಳಿ ತುಂಬುವ ಕಯಾಕೇ ಸರಿ. 12ರಿಂದ 20 ಕೆ.ಜಿ., ಒಂದು ಚೀಲ, ಲಿಫ್ಟಿಗೂ ಡಿಕ್ಕಿಗೂ ಒಗ್ಗುತ್ತದೆ. ಇದರ ಅಳತೆಯಲ್ಲಿ ಒಂದು ಮೋಸ ಅಡಗಿದೆ: ಬದಿಯ ಗಾಳಿಕೊಳವೆಗಳೇ ಅಗಲದ ದೊಡ್ಡ ಪಾಲು ನುಂಗುತ್ತವೆ. ಹೊರಗೆ 36 ಅಂಗುಲ ಇದ್ದರೂ ಕೂರುವ ಜಾಗ ಅದರ ಅರ್ಧಕ್ಕೆ ಇಳಿದಿರಬಹುದು. ಒಳ ಅಗಲವನ್ನೇ ಅಳೆದು ನೋಡಬೇಕು. ತಳದ ಎರಡು ಪದರಗಳನ್ನು ಸಾವಿರಾರು ನೂಲುಗಳಿಂದ ಹೆಣೆದು ಹೆಚ್ಚಿನ ಒತ್ತಡಕ್ಕೆ ಗಾಳಿ ತುಂಬುವ ಬಗೆ ಹಲಗೆಯಂತೆ ಗಟ್ಟಿಯಾಗುತ್ತದೆ, ನಿಲ್ಲಲೂ ಆಗುತ್ತದೆ. ಗಾಳಿಕೋಣೆಗಳು ಕನಿಷ್ಠ ಮೂರಿರಬೇಕು. ಗಾಳದ ಮೊನೆ, ತಿಲಾಪಿಯಾದ ಬೆನ್ನಮುಳ್ಳು, ದಡದ ಜಾಲಿಮುಳ್ಳು, ಮೂರೂ ಇದರ ವೈರಿಗಳು. ಹಗುರವಾದ್ದರಿಂದ ಗಾಳಿಗೆ ಬೇಗ ತೇಲಿಹೋಗುತ್ತದೆ, ಹಾಗಾಗಿ ತಳಕ್ಕೆ ಸಿಕ್ಕಿಸುವ ರೆಕ್ಕೆ ಇಲ್ಲದ್ದನ್ನು ಕೊಳ್ಳಬಾರದು. ಮುಳಶಿಯ ನಡುನೀರಿಗೆ ಇದು ತಕ್ಕುದಲ್ಲ. ದಡದಂಚಿನ ಮೀನುಗಾರಿಕೆಗೆ ಧಾರಾಳ ಸಾಕು.

ಇಳಿಸುವ ಮುನ್ನ

ಲೈಫ್ ಜಾಕೆಟ್‌ಗೂ ಅಳತೆಯಿದೆ. ಎದೆಯ ಸುತ್ತಳತೆಗೆ ಹೊಂದಿಸಿ, ಪಟ್ಟಿ ಬಿಗಿದು, ಹೆಗಲ ಬಳಿ ಹಿಡಿದೆತ್ತಿದಾಗ ಅದು ಗಲ್ಲ ದಾಟಿ ಮೇಲೆ ಬರಬಾರದು. 100 ನ್ಯೂಟನ್ ಎಂದು ನಮೂದಾಗಿದ್ದರೆ ಸುಮಾರು ಹತ್ತು ಕೆ.ಜಿ.ಯಷ್ಟು ಎತ್ತುವ ಬಲ ಎಂದರ್ಥ. ಪುಣೆಯ ಸುತ್ತಲಿನ ಜಲಾಶಯಗಳಲ್ಲಿ ಮುಳುಗಿ ಸತ್ತವರ ಸುದ್ದಿ ಪ್ರತಿವರ್ಷ ಬರುತ್ತದೆ. ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು.

ಅನುಮತಿಯೂ ಬೇಕು. ಸರ್ಕಾರಿ ಜಲಾಶಯಗಳ ನೀರು ಜಲಸಂಪನ್ಮೂಲ ಇಲಾಖೆಯ ಹಿಡಿತದಲ್ಲಿದೆ, ಮೀನು ಹಿಡಿಯುವ ಹಕ್ಕನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಮುಳಶಿಯಲ್ಲಿ ಟಾಟಾ ಪವರ್‌ನವರನ್ನು ಕೇಳಬೇಕು. ಸಂಘದವರ ಬಲೆಗಳ ನಡುವೆ ಹುಟ್ಟು ಹಾಕದಿರುವುದು ನೀರಿನ ಮರ್ಯಾದೆ. ಮಹಶೀರ್ ಸಿಕ್ಕರೆ ನೀರಿನಲ್ಲಿಟ್ಟುಕೊಂಡೇ ಗಾಳ ಬಿಡಿಸಿ ಬಿಟ್ಟುಬಿಡಬೇಕು. ಮಳೆಗಾಲದಲ್ಲಿ, ಅಣೆಕಟ್ಟಿನ ಬಾಗಿಲುಗಳು ತೆರೆಯುವ ದಿನಗಳಲ್ಲಿ, ಕಯಾಕ್ ಗೋಡೆಯ ಮೇಲೇ ಇರಲಿ.

ಕೊಳ್ಳುವ ಮುನ್ನ ಬಾಡಿಗೆಗಾದರೂ ಅದೇ ಅಳತೆಯದನ್ನು ತಂದು, ಎದೆಮಟ್ಟದ ನಿಂತ ನೀರಿನಲ್ಲಿ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ಪರೀಕ್ಷೆ ಮಾಡಬೇಕು. ಸಾಮಾನಿನ ಭಾರಕ್ಕೆ ಬದಲಾಗಿ ನೀರಿನ ಕ್ಯಾನುಗಳನ್ನು ಕಟ್ಟಬಹುದು: 20 ಲೀಟರಿನದು ಒಂದು ಹಿಂದೆ, ಹತ್ತು ಲೀಟರಿನದು ಒಂದು ಮುಂದೆ. ಕೂತು ಹತ್ತು ನಿಮಿಷ ಹುಟ್ಟು ಹಾಕಿ, ಕಾಲ ಬಳಿ ನೀರು ಉಕ್ಕುತ್ತದೆಯೇ, ಮೂತಿ ಮೇಲೇಳುತ್ತದೆಯೇ ನೋಡಬೇಕು. ಎರಡೂ ಕಾಲುಗಳನ್ನು ಒಂದೇ ಬದಿಗೆ ಇಳಿಬಿಟ್ಟು ಕೂರಬೇಕು. ನಿಲ್ಲುವ ಆಸೆಯಿದ್ದರೆ ನಿಲ್ಲಬೇಕು. ಕೊನೆಗೆ ಬೇಕೆಂದೇ ನೀರಿಗೆ ಬಿದ್ದು, ಜಾಕೆಟ್ ತೊಟ್ಟುಕೊಂಡೇ, ಯಾರ ಕೈಯನ್ನೂ ಹಿಡಿಯದೆ ಬದಿಯಿಂದ ಮೇಲೆ ಹತ್ತಬೇಕು. ಅಂಚು ಎತ್ತರವಾಗಿ ಹತ್ತಲು ಆಗದಿದ್ದರೆ, ಅದೇ ಉದ್ದ ಅಗಲದಲ್ಲಿ ಅಂಚು ಒಂದೆರಡು ಅಂಗುಲ ತಗ್ಗಿರುವ ಮತ್ತೊಂದನ್ನು ತಂದು ಇದೇ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು.